ಅವಳಿಗಳ ಲೆಕ್ಕದಲ್ಲಿ ವ್ಯತ್ಯಾಸವನ್ನು 2ರಿಂದ ಗುಣಿಸುವುದು ಯಾಕೆ?

ಇದು ಫಾಲ್ಕನರ್ ಸೂತ್ರ: ಎತ್ತರದಂಥ ಗುಣದಲ್ಲಿ ಜನರ ನಡುವಿನ ಏರುಪೇರಿಗೆ ಜೀನ್‌ನ ಪಾಲೆಷ್ಟು ಎಂದು ಅಂದಾಜಿಸಲು, ಎರಡು ಬಗೆಯ ಅವಳಿಗಳ ಸಹಸಂಬಂಧಗಳ (ಜೋಡಿಯ ಇಬ್ಬರು ಎಷ್ಟು ಹೋಲುತ್ತಾರೆ ಎಂಬ ಅಂಕಿ) ವ್ಯತ್ಯಾಸವನ್ನು 2ರಿಂದ ಗುಣಿಸುತ್ತಾರೆ. ನೋಡಲು ಸುಮ್ನೆ ಗುಣಿಸಿದಂತೆ ಕಾಣುತ್ತದೆ, ಆದರೆ ಕಾರಣ ಸರಳ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಜೀನ್‌ಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಎರಡು ಅಂಡದವರು ಮಾಮೂಲಿ ಒಡಹುಟ್ಟಿದವರ ಹಾಗೆ. ಜನರಲ್ಲಿ ಬೇರೆಬೇರೆಯಾಗಿರುವ ಜೀನ್‌ಗಳ ಪೈಕಿ ಅವರಿಗೆ ಸರಾಸರಿ ಅರ್ಧ ಮಾತ್ರ ಸಮಾನ.

ಎತ್ತರದ ಸಹಸಂಬಂಧ ಮೊದಲ ಗುಂಪಿನಲ್ಲಿ 0.9, ಎರಡನೆಯದರಲ್ಲಿ 0.5 ಎಂದಿಟ್ಟುಕೊಳ್ಳಿ (ಲೆಕ್ಕಕ್ಕೆ ಸುಲಭ ಅಂತ ಈ ಅಂಕಿ).

0.9 = ಜೀನ್ ಪಾಲು + ಮನೆಯ ಪಾಲು (ಒಂದೇ ಮನೆಯಲ್ಲಿ ಬೆಳೆದದ್ದರಿಂದ ಬಂದ ಹೋಲಿಕೆ)
0.5 = ಅರ್ಧ ಜೀನ್ ಪಾಲು + ಮನೆಯ ಪಾಲು

ಕಳೆಯಿರಿ. ಮನೆಯ ಪಾಲು ಹೊಡೆದುಹೋಗುತ್ತದೆ, ಉಳಿದ 0.4 ಜೀನ್ ಪಾಲಿನ ಅರ್ಧ. ಅದಕ್ಕೇ 2ರಿಂದ ಗುಣಿಸುವುದು: 0.8. ಮನೆಗೆ 0.1. ಬಾಕಿ 0.1 ಒಬ್ಬೊಬ್ಬರದೇ ಅನುಭವಕ್ಕೆ, ಅಳತೆಯ ತಪ್ಪಿಗೆ.

ಎರಡೂ ಬಗೆಯ ಅವಳಿಗಳಿಗೆ ಮನೆಯ ಪ್ರಭಾವ ಸಮ ಅಂದುಕೊಂಡೆವು, ಅಲ್ವಾ? ತದ್ರೂಪಿಗಳನ್ನೇ ಜಾಸ್ತಿ ಒಂದೇ ಥರ ಬೆಳೆಸಿದ್ದರೆ, ಅದರಿಂದ ಬಂದ ಹೋಲಿಕೆಯೂ ಜೀನ್ ಖಾತೆಗೇ ಜಮಾ ಆಗುತ್ತದೆ.

ಇನ್ನೊಂದು: 0.8 ಎಂದರೆ ನಿಮ್ಮ ಎತ್ತರದ 80% ಜೀನ್‌ನಿಂದ ಬಂತು ಎಂದಲ್ಲ. ಆ ಗುಂಪಿನ ಜನರ ನಡುವಿನ ಏರುಪೇರಿನಲ್ಲಿ ಜೀನ್‌ನ ಪಾಲು ಅಷ್ಟು. ಎಲ್ಲ ಮಕ್ಕಳಿಗೂ ಒಂದೇ ಥರದ ಊಟ ಸಿಕ್ಕರೆ, ಜೀನ್ ಬದಲಾಗದೆಯೇ ಈ ಅಂಕಿ ಏರುತ್ತದೆ.