ವೆನಿಸ್ ನಂತರ ಮೂರು ದಿನ ಉಳಿದರೆ: ಪಾಡುವಾ, ವೆರೋನಾ, ಮಾಂಟುವಾ

ರೋಮ್, ಫ್ಲಾರೆನ್ಸ್, ವೆನಿಸ್ ನೋಡಿದ ಮೇಲೆ ಮೂರು ದಿನ ಉಳಿಯುತ್ತವೆ, ಚಿತ್ರಕಲೆ, ಚರ್ಚು ಮತ್ತು ಅರಮನೆಗಳ ಆಸಕ್ತಿಯುಳ್ಳವರು ಆ ದಿನಗಳನ್ನು ಮಿಲಾನಿಗೆ ಕೊಡಬೇಕೇ ಅಥವಾ ಸಣ್ಣ ಊರುಗಳಿಗೆ ಹೋಗಬೇಕೇ ಎಂದು ಕೇಳಿದ್ದೀರಿ. ಸಣ್ಣ ಊರುಗಳಿಗೇ ಹೋಗಿ ಎನ್ನುತ್ತೇನೆ. ವೆನಿಸ್‌ನಿಂದ ಪಶ್ಚಿಮಕ್ಕೆ ರೈಲು ಹಿಡಿದು ಪಾಡುವಾ, ವೆರೋನಾ, ಮಾಂಟುವಾಗಳನ್ನು ಇದೇ ಕ್ರಮದಲ್ಲಿ ನೋಡಿ.

ಹೀಗೆ ಹೇಳಲು ಕಾರಣವಿದೆ. ಚೌಕಟ್ಟು ಹಾಕಿದ ಚಿತ್ರವನ್ನು ಮಾರಬಹುದು, ಕೊಳ್ಳೆ ಹೊಡೆಯಬಹುದು, ಉಡುಗೊರೆಯಾಗಿ ಕಳುಹಿಸಬಹುದು. ಇಟಲಿಯ ಎಷ್ಟೋ ಶ್ರೇಷ್ಠ ಚಿತ್ರಗಳು ಇಂದು ಪ್ಯಾರಿಸ್, ಲಂಡನ್, ಮ್ಯಾಡ್ರಿಡ್‌ಗಳಲ್ಲಿರುವುದು ಹಾಗೆಯೇ. ಗೋಡೆಯ ಮೇಲೆ ಬರೆದ ಚಿತ್ರವನ್ನು ನೋಡಬೇಕಾದರೆ ಮಾತ್ರ ಆ ಗೋಡೆಯ ಮುಂದೆಯೇ ನಿಲ್ಲಬೇಕು. ಇಟಲಿಗೆ ಹೋದವರು ವಸ್ತುಸಂಗ್ರಹಾಲಯಗಳಿಗಿಂತ ಹೆಚ್ಚು ಸಮಯವನ್ನು ಇಂಥ ಗೋಡೆಗಳಿಗೆ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಈ ಮೂರು ಊರುಗಳನ್ನು ಆಂದ್ರೆಯಾ ಮಾಂತೆನ್ಯಾ ಎಂಬ ಒಬ್ಬನೇ ಚಿತ್ರಕಾರ ಜೋಡಿಸುತ್ತಾನೆಂಬುದು ಇನ್ನೊಂದು ಅನುಕೂಲ.

ವೆನಿಸ್‌ನಿಂದ ಪಾಡುವಾಕ್ಕೆ ರೈಲಿನಲ್ಲಿ ಹೆಚ್ಚುಕಡಿಮೆ ಅರ್ಧ ಗಂಟೆ (ನಿಲ್ದಾಣದ ಫಲಕಗಳಲ್ಲಿ ಪಾದೊವಾ, ಮಾಂತೊವಾ ಎಂದಿರುತ್ತದೆ). ಅಲ್ಲಿ ಮೊದಲು ಸ್ಕ್ರೊವೆನ್ಯಿ ಪ್ರಾರ್ಥನಾ ಮಂದಿರ. ಬಡ್ಡಿ ವ್ಯವಹಾರದಿಂದ ಸಿರಿವಂತವಾದ ಮನೆತನದ ಎನ್ರಿಕೊ ಸ್ಕ್ರೊವೆನ್ಯಿ ಇದನ್ನು ಕಟ್ಟಿಸಿ, ಒಳಗೋಡೆಗಳನ್ನು ಚಿತ್ರಕಾರ ಜೊತ್ತೊನ ಕೈಗೆ ಒಪ್ಪಿಸಿದ. 1305ರಲ್ಲಿ ಮಂದಿರದ ಪ್ರತಿಷ್ಠೆಯಾಯಿತು. ಅದೇ ಮನೆತನದ ಲಾಂಛನ ಹೊತ್ತ ಬಡ್ಡಿಗಾರನೊಬ್ಬನನ್ನು ಕವಿ ದಾಂತೆ ತನ್ನ ಕಾವ್ಯದ ನರಕದಲ್ಲಿ ಕೂರಿಸಿದ್ದಾನೆ. ಎನ್ರಿಕೊ ಮಾತ್ರ ಇಲ್ಲಿನ ಅಂತಿಮ ತೀರ್ಪಿನ ಚಿತ್ರದಲ್ಲಿ ಮಂದಿರದ ಪುಟ್ಟ ಮಾದರಿಯನ್ನು ಅರ್ಪಿಸುತ್ತಾ ಪುಣ್ಯವಂತರ ಪಕ್ಕದಲ್ಲೇ ಮಂಡಿಯೂರಿದ್ದಾನೆ. ಹಣ ಕೊಟ್ಟವನು ತಾನೇ!

ಇಲ್ಲಿಗೆ ಟಿಕೆಟನ್ನು ಮುಂಗಡವಾಗಿಯೇ ಕಾದಿರಿಸಬೇಕು. ಒಳಗಿನ ತೇವಾಂಶ ಏರುಪೇರಾಗದಂತೆ ಪ್ರವಾಸಿಗರನ್ನು ಮೊದಲು ಗಾಜಿನ ಕೋಣೆಯೊಂದರಲ್ಲಿ 15 ನಿಮಿಷ ಕೂರಿಸಿ, ಬಳಿಕ ಸಾಮಾನ್ಯವಾಗಿ 15 ನಿಮಿಷ ಮಾತ್ರ ಒಳಗೆ ಬಿಡುತ್ತಾರೆ. ಆದ್ದರಿಂದ ಏನನ್ನು ನೋಡಬೇಕೆಂದು ತೀರ್ಮಾನಿಸಿಕೊಂಡೇ ಹೋಗಿ. ಗೋಡೆಗಳ ಮೇಲಿನ ಮೇರಿ ಮತ್ತು ಕ್ರಿಸ್ತನ ಬದುಕಿನ ಕಥೆ ಮೇಲಿನ ಸಾಲಿನಿಂದ ಶುರುವಾಗಿ ಮಂದಿರವನ್ನು ಸುತ್ತುತ್ತಾ ಕೆಳಗಿನ ಸಾಲುಗಳಿಗೆ ಇಳಿಯುತ್ತದೆ. ಎಲ್ಲವನ್ನೂ ಓದಲು ಹೊರಟರೆ ಒಂದೂ ದಕ್ಕುವುದಿಲ್ಲ. ನಾನಾದರೆ, ಕ್ರಿಸ್ತನನ್ನು ಹಿಡಿದುಕೊಟ್ಟ ಶಿಷ್ಯ ಜುದಾಸನ ಚುಂಬನದ ಚಿತ್ರದ ಮುಂದೆ ನಿಲ್ಲುತ್ತೇನೆ. ಜುದಾಸನ ಹಳದಿ ಮೇಲಂಗಿ ಕ್ರಿಸ್ತನ ದೇಹವನ್ನು ಬಹುಪಾಲು ಮುಚ್ಚಿಬಿಟ್ಟಿದೆ. ಹಿಂದೆ ಈಟಿಗಳು ಮತ್ತು ಪಂಜುಗಳು ಎತ್ತೆತ್ತಲೋ ಚಾಚಿವೆ. ಆ ಗದ್ದಲದ ನಡುವೆ ಎರಡು ಮುಖಗಳು ಮಾತ್ರ ಒಂದನ್ನೊಂದು ನೇರವಾಗಿ ದಿಟ್ಟಿಸುತ್ತಿವೆ.

ಪಕ್ಕದ ಎರೆಮಿತಾನಿ ಚರ್ಚನ್ನು ಹಲವರು ಬಿಟ್ಟುಹೋಗುತ್ತಾರೆ, ನೀವು ಬಿಡಬೇಡಿ. ಅಲ್ಲಿನ ಒವೆತಾರಿ ಮಂದಿರದಲ್ಲಿ ಮಾಂತೆನ್ಯಾ ತಾರುಣ್ಯದಲ್ಲಿ ಬರೆದ ಭಿತ್ತಿಚಿತ್ರಗಳಿದ್ದವು. 1944ರ ಮಾರ್ಚ್‌ನಲ್ಲಿ ಬಿದ್ದ ಬಾಂಬಿಗೆ ಅವು ಪುಡಿಪುಡಿಯಾದವು. ತೇವದಿಂದ ಕೆಡುತ್ತಿವೆಯೆಂದು ಮೊದಲೇ ಗೋಡೆಯಿಂದ ಬಿಡಿಸಿ ಬೇರೆಡೆ ಇಟ್ಟಿದ್ದ ಕೆಲವು ಭಾಗಗಳು ಉಳಿದುಕೊಂಡವು. ಗೋಡೆಯ ಚಿತ್ರ ಗೋಡೆಯಲ್ಲೇ ಇರಬೇಕೆನ್ನುವ ನನ್ನಂಥವರ ವಾದಕ್ಕೆ ಇದು ಸರಿಯಾದ ಏಟು. ಉಳಿದ ಚೂರುಗಳನ್ನು ಹಳೆಯ ಕಪ್ಪುಬಿಳುಪು ಛಾಯಾಚಿತ್ರಗಳ ಆಧಾರದಿಂದ ಅವುಗಳ ಜಾಗಕ್ಕೆ ಮರಳಿಸಿದ್ದಾರೆ. ಬೂದು ಬಣ್ಣದ ನಡುವೆ ಅಲ್ಲೊಂದು ಇಲ್ಲೊಂದು ಬಣ್ಣದ ತುಣುಕು ಕಾಣುತ್ತದೆ.

ವೆರೋನಾದಲ್ಲಿ ಜೂಲಿಯೆಟ್‌ಳದೆಂದು ತೋರಿಸುವ ಬಾಲ್ಕನಿಯ ನೂಕುನುಗ್ಗಲಿಗೆ ಸಿಲುಕದೆ ನೇರವಾಗಿ ಸಾನ್ ಜೆನೊ ಚರ್ಚಿಗೆ ಹೋಗಿ. ಕಂಚಿನ ಫಲಕಗಳ ಬಾಗಿಲೇ ಒಂದು ಗಂಟೆಯ ನೋಟ. ಮಾಂತೆನ್ಯಾನ ದೊಡ್ಡ ಚಿತ್ರ ಮುಖ್ಯ ಪೀಠದ ಮೇಲಿದೆ. ಅದರ ಮರದ ಚೌಕಟ್ಟಿನ ಕಂಬಗಳು ಚಿತ್ರದೊಳಗಿನ ಕಂಬಗಳಾಗಿ ಮುಂದುವರಿಯುವುದನ್ನು ಗಮನಿಸಿ. ನೆಪೋಲಿಯನ್ನನ ಸೇನೆ 1797ರಲ್ಲಿ ಇದನ್ನು ಒಯ್ದಿತ್ತು. ಮರಳಿ ಬಂದಾಗ ಕೆಳಸಾಲಿನ ಮೂರು ಪುಟ್ಟ ಚಿತ್ರಗಳು ಫ್ರಾನ್ಸಿನಲ್ಲೇ ಉಳಿದವು. ಈಗ ಇಲ್ಲಿರುವವು ಅವುಗಳ ಪ್ರತಿಗಳು.

ಮಾಂಟುವಾಗೆ ಹೆಚ್ಚು ಸಮಯ ಇಟ್ಟುಕೊಳ್ಳಿ, ಸಾಧ್ಯವಾದರೆ ಒಂದು ರಾತ್ರಿ ತಂಗಿ. ಗೊನ್ಜಾಗಾ ದೊರೆಗಳ ಅರಮನೆ ಊರೊಳಗಿನ ಊರಿನಷ್ಟು ದೊಡ್ಡದು, ಆದರೆ ಬಹಳಷ್ಟು ಖಾಲಿ: 1620ರ ದಶಕದಲ್ಲಿ ಹಣದ ಮುಗ್ಗಟ್ಟಿಗೆ ಸಿಕ್ಕ ದೊರೆಗಳು ಸಂಗ್ರಹದ ಉತ್ತಮ ಭಾಗವನ್ನು ಇಂಗ್ಲೆಂಡಿನ ಅರಸ ಒಂದನೆಯ ಚಾರ್ಲ್ಸ್‌ಗೆ ಮಾರಿದರು, 1630ರಲ್ಲಿ ನುಗ್ಗಿದ ಸೈನ್ಯ ಮಿಕ್ಕಿದ್ದನ್ನು ಸೂರೆಗೈದಿತು. ಮಾಂತೆನ್ಯಾ 1474ರ ಹೊತ್ತಿಗೆ ಮುಗಿಸಿದ 'ಕಾಮೆರಾ ದೆಲ್ಯಿ ಸ್ಪೊಸಿ' (ವಧೂವರರ ಕೋಣೆ) ಎಂಬ ಕೋಣೆ ಮಾತ್ರ ಯಾರ ಗಾಡಿಗೂ ಏರಲಿಲ್ಲ. ಅದರ ಗೋಡೆಯ ಚಿತ್ರದಲ್ಲಿ ದೊರೆ ಲುದೊವಿಕೊ ಕೈಯಲ್ಲಿ ಕಾಗದ ಹಿಡಿದು ಪಕ್ಕದವನ ಕಡೆಗೆ ತಿರುಗಿದ್ದಾನೆ, ಕುರ್ಚಿಯ ಕೆಳಗೆ ಮುದಿ ನಾಯಿ ಮಲಗಿದೆ. ರಾಜಠೀವಿಯ ಚಿತ್ರಕ್ಕಿಂತ ಮನೆಯ ಪಡಸಾಲೆಯ ಒಂದು ಗಳಿಗೆಯಂತೆ ಇದು ತೋರುತ್ತದೆ. ತಲೆಯೆತ್ತಿದರೆ ಮಾಳಿಗೆಯಲ್ಲಿ ಆಕಾಶಕ್ಕೆ ತೆರೆದ ದುಂಡು ಕಿಂಡಿ. ಅಂಚಿನಿಂದ ಹೆಂಗಸರು ಇಣುಕಿ ನಗುತ್ತಿದ್ದಾರೆ, ಅಡ್ಡಗೋಲೊಂದರ ಮೇಲೆ ಗಿಡದ ಕುಂಡ ಇದೆ, ಗೋಲು ಸರಿದರೆ ಅದು ನಮ್ಮ ತಲೆಯ ಮೇಲೇ. ಎಲ್ಲವೂ ಬಣ್ಣದ ಕೆಲಸ. 2012ರ ಭೂಕಂಪದ ನಂತರ ಮುಚ್ಚಿದ್ದ ಕೋಣೆ 2015ರಲ್ಲಿ ಮತ್ತೆ ತೆರೆಯಿತು. ಒಮ್ಮೆಗೆ ಕೆಲವರನ್ನಷ್ಟೇ ಬಿಡುವುದರಿಂದ ಇದಕ್ಕೂ ಮುಂಗಡ ಟಿಕೆಟ್ ಒಳ್ಳೆಯದು.

ಅಲ್ಲಿಂದ ಆಲ್ಬೆರ್ತಿ ವಿನ್ಯಾಸ ಮಾಡಿದ ಸಂತ ಆಂದ್ರೆಯಾ ಚರ್ಚಿಗೆ ನಡೆದು ಹೋಗಬಹುದು. ಮಾಂತೆನ್ಯಾನ ಸಮಾಧಿ ಅಲ್ಲಿದೆ. ಊರಿನ ಇನ್ನೊಂದು ತುದಿಯ ತೆ ಅರಮನೆಯಲ್ಲಿ ಜೂಲಿಯೊ ರೊಮಾನೊ ರೂಪಿಸಿದ ರಾಕ್ಷಸರ ಕೋಣೆಯಿದೆ. ಗೋಡೆ ಎಲ್ಲಿ ಮುಗಿದು ಮಾಳಿಗೆ ಎಲ್ಲಿ ಶುರುವಾಯಿತೆಂದು ತಿಳಿಯದಂತೆ ಕುಸಿಯುವ ಕಂಬಗಳು ನಾಲ್ಕೂ ಕಡೆಯಿಂದ ಮೈಮೇಲೆ ಬೀಳುತ್ತಿರುವಂತೆ ಕಾಣುತ್ತವೆ. ನನಗೆ ಇದು ಸ್ವಲ್ಪ ಅತಿಯೆನಿಸಿತು, ಮಕ್ಕಳಿದ್ದರೆ ಅವರಿಗೆ ಖಂಡಿತ ಇಷ್ಟವಾಗುತ್ತದೆ.

ಗೊನ್ಜಾಗಾ ಅರಮನೆಗೆ ಸೋಮವಾರ ರಜೆ, ಆ ದಿನ ಮಾಂಟುವಾ ಬೇಡ. ಹಲವು ಚರ್ಚುಗಳು ಮಧ್ಯಾಹ್ನ ಮುಚ್ಚುತ್ತವೆ, ಭುಜ ಮತ್ತು ಮಂಡಿ ಮುಚ್ಚುವ ಉಡುಪು ಬೇಕು. ವೆರೋನಾದಿಂದ ಮಾಂಟುವಾಗೆ ಒಂದು ಗಂಟೆಯೊಳಗೆ ಮುಟ್ಟುವ ಪ್ರಾದೇಶಿಕ ರೈಲುಗಳಿವೆ. ಕಾಗದದ ಟಿಕೆಟ್ ಕೊಂಡರೆ ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳಿ, ಇಲ್ಲವಾದರೆ ದಂಡ ಬೀಳುತ್ತದೆ.