ತೊಗರಿಗೆ ಒಂದೇ ದಿನ ಮೂರು ದರ: ಯಾವುದನ್ನು ನಂಬಬೇಕು?

ಆಳಂದದ ನಿಮ್ಮ ತಂದೆಯವರಿಗೆ ಮೂರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ದಿನ ತೊಗರಿಗೆ ಮೂರು ದರ ಬಂದಿವೆ, ಯಾವುದನ್ನು ನಂಬಬೇಕು ಎಂದು ಕೇಳಿದ್ದೀರಿ. ಹೀಗಾಗುವುದು ಬಹುತೇಕ ಸುಳ್ಳಿನಿಂದಲ್ಲ, ಅರ್ಧ ಸತ್ಯದಿಂದ. ಒಬ್ಬರು ಮಾರುಕಟ್ಟೆಯ ಗರಿಷ್ಠ ದರ ಹಾಕಿರುತ್ತಾರೆ, ಇನ್ನೊಬ್ಬರು ಸರ್ಕಾರದ 2025-26ರ ಬೆಂಬಲ ಬೆಲೆಯಾದ ಕ್ವಿಂಟಲ್‌ಗೆ 8,000 ರೂಪಾಯಿ, ಮತ್ತೊಬ್ಬರದು ಹಳೆಯ ದರಪಟ್ಟಿಯ ಚಿತ್ರ. ಸಂದೇಶಗಳನ್ನು ನೋಡದೆ ಹೇಳುತ್ತಿದ್ದೇನೆ, ಆದ್ದರಿಂದ ಇದು ಅಂದಾಜು.

ಮೊದಲು ಸಂದೇಶದಲ್ಲಿ ದಿನಾಂಕ, ಮಾರುಕಟ್ಟೆಯ ಹೆಸರು ಇವೆಯೇ ನೋಡಿ, ಒಂದಿಲ್ಲದಿದ್ದರೂ ಬಿಟ್ಟುಬಿಡಿ. ಆಮೇಲೆ ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಜಾಲತಾಣದಲ್ಲಿ ಕಲಬುರಗಿ ಎಪಿಎಂಸಿಯ (ಕೃಷಿ ಉತ್ಪನ್ನ ಮಾರುಕಟ್ಟೆಯ) ದರ ತೆಗೆಯಿರಿ. ಅಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಅಂಕಿಗಳಿರುತ್ತವೆ. ಮಾದರಿ ದರವನ್ನೇ ಹಿಡಿಯಿರಿ, ಹೆಚ್ಚಿನ ಮಾಲು ಹೋಗುವುದು ಅದರ ಆಸುಪಾಸಿನಲ್ಲಿ. ಗರಿಷ್ಠ ದರವು ಚೆನ್ನಾಗಿ ಒಣಗಿದ, ಕಸವಿಲ್ಲದ ನಾಲ್ಕೇ ಚೀಲಕ್ಕೆ ಸಿಕ್ಕಿದ್ದೂ ಆಗಿರಬಹುದು. ಆ ಅಂಕಿ ನಂಬಿ ಟಂಟಂ ಬಾಡಿಗೆ ಕೊಟ್ಟು ಹೋಗಿ ನಾನೇ ಪೆಚ್ಚಾಗಿದ್ದೇನೆ.

ನಂತರ ಇಬ್ಬರು ಅಡತಿಯವರಿಗೆ (ಮಾರುಕಟ್ಟೆಯ ದಲ್ಲಾಳಿಗಳಿಗೆ) ಫೋನ್ ಮಾಡಿ. "ಎಷ್ಟು ಕೊಡುತ್ತೀರಿ" ಎಂದಲ್ಲ, "ನಿನ್ನೆ ಎಷ್ಟಕ್ಕೆ ಹೋಯಿತು" ಎಂದು ಕೇಳಿ. ಹದಿನೈದು ದಿನ ಗುಂಪಿನ ದರವನ್ನೂ ಜಾಲತಾಣದ ದರವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಪಕ್ಕಪಕ್ಕ ಬರೆದಿಡಿ. ಯಾವ ಗುಂಪಿನಿಂದ ಹೊರಬರಬೇಕೆಂದು ತಂದೆಯವರೇ ಹೇಳುತ್ತಾರೆ.