ಆಹಾರದ ಅಲರ್ಜಿಗೆ ಸಿಟ್ರಿಜಿನ್ ಮಾತ್ರೆ ಸಾಕೇ?

ನೀವು ಬರೆದಿದ್ದು ಇಷ್ಟು: ಗೋಡಂಬಿ ತಿಂದ ಸ್ವಲ್ಪ ಹೊತ್ತಿಗೇ 16 ವರ್ಷದ ತಮ್ಮನಿಗೆ ಮೈತುಂಬ ದದ್ದು, ಮೇಲಿಂದ ಮೇಲೆ ವಾಂತಿ. ಸಿಟ್ರಿಜಿನ್ ಕೊಟ್ಟು ಮಲಗಿಸಿದಿರಿ, ಬೆಳಗಾಗುವಷ್ಟರಲ್ಲಿ ಸರಿಹೋಯಿತು. ಮುಂದೆಯೂ ಮಾತ್ರೆ ಸಾಕೇ ಎಂದು ಕೇಳಿದ್ದೀರಿ.

ಸಾಲದು. ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್. ಮಾತ್ರೆಯಿಂದಲೇ ವಾಸಿಯಾಯಿತು ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಎಷ್ಟೋ ರಿಯಾಕ್ಷನ್‌ಗಳು ತಾವಾಗಿಯೇ ಇಳಿಯುತ್ತವೆ. ಯಾವುದು ಇಳಿಯುತ್ತದೆ, ಯಾವುದು ಏರುತ್ತದೆ ಎಂಬುದು ಶುರುವಿನಲ್ಲಿ ನಮಗೂ ತಿಳಿಯುವುದಿಲ್ಲ.

ಅಲರ್ಜಿಯಾದಾಗ ದೇಹದ ಮಾಸ್ಟ್ ಕಣಗಳಿಂದ (ಇವು ರೋಗನಿರೋಧಕ ವ್ಯವಸ್ಥೆಯ ಒಂದು ಬಗೆಯ ಜೀವಕೋಶಗಳು) ಹಿಸ್ಟಮಿನ್ ಜೊತೆಗೆ ಇನ್ನೂ ಹಲವು ರಾಸಾಯನಿಕಗಳು ಹೊರಬೀಳುತ್ತವೆ. ಸಿಟ್ರಿಜಿನ್ ತಡೆಯುವುದು ಹಿಸ್ಟಮಿನ್ ಒಂದನ್ನೇ, ಅದೂ ನಿಧಾನವಾಗಿ. ತುರಿಕೆ, ದದ್ದು ಇಳಿಯುತ್ತವೆ, ನಿಜ. ಊದಿಕೊಳ್ಳುತ್ತಿರುವ ಗಂಟಲಿಗೆ, ಕುಸಿಯುತ್ತಿರುವ ರಕ್ತದೊತ್ತಡಕ್ಕೆ ಅದರಿಂದ ಏನೂ ಆಗದು. ಅದಕ್ಕೆ ಬೇಕಾದ್ದು ಅಡ್ರಿನಲಿನ್ ಚುಚ್ಚುಮದ್ದು. ಅದು ಹಿಗ್ಗಿದ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಶ್ವಾಸನಾಳ ತೆರೆಸುತ್ತದೆ, ಮಾಸ್ಟ್ ಕಣಗಳನ್ನೂ ಹತೋಟಿಗೆ ತರುತ್ತದೆ.

ತುಟಿ ಸುತ್ತ ತುರಿಕೆ, ಅಲ್ಲಲ್ಲಿ ದದ್ದು, ಅಷ್ಟೇ ಆದರೆ ಮಾತ್ರೆ ಕೊಟ್ಟು ಪಕ್ಕದಲ್ಲೇ ಕೂತು ನೋಡಿಕೊಳ್ಳಬಹುದು. ದದ್ದಿನ ಜೊತೆ ಉಬ್ಬಸ, ಬದಲಾದ ಧ್ವನಿ, ನುಂಗಲು ಕಷ್ಟ, ತಲೆಸುತ್ತು, ಅಥವಾ ನಿಲ್ಲದ ವಾಂತಿ, ಇವುಗಳಲ್ಲಿ ಒಂದು ಸೇರಿದರೂ ಅದು ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಕುತ್ತು ತರುವ ತೀವ್ರ ಅಲರ್ಜಿ. ನಿಮ್ಮ ತಮ್ಮನಿಗೆ ಆದದ್ದು ಈ ಲೆಕ್ಕಕ್ಕೇ ಬರುತ್ತದೆ. ಇನ್ನೊಂದು ಮಾತು: ಕೆಲವರಿಗೆ ದದ್ದು ಏಳುವುದೇ ಇಲ್ಲ. ಅಲರ್ಜಿ ಇದೆಯೆಂದು ಗೊತ್ತಿರುವ ಪದಾರ್ಥ ಹೊಟ್ಟೆಗೆ ಹೋಗಿ ಉಸಿರು ಕಟ್ಟುತ್ತಿದ್ದರೆ ಚರ್ಮ ನೋಡುತ್ತ ಕೂರಬೇಡಿ.

ಅಡ್ರಿನಲಿನ್ ಚುಚ್ಚುವುದು ತೊಡೆಯ ಮಧ್ಯದ ಹೊರಬದಿಗೆ. ಆಟೋ ಇಂಜೆಕ್ಟರ್ (ಮೊದಲೇ ಔಷಧ ತುಂಬಿಟ್ಟ, ಒತ್ತಿದರೆ ತಾನೇ ಚುಚ್ಚುವ ಪೆನ್ನಿನಂಥ ಸಾಧನ) ಆದರೆ ಬಟ್ಟೆಯ ಮೇಲಿಂದಲೇ ಆಗುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ 0.3 ಮಿಲಿಗ್ರಾಂ, 15ರಿಂದ 30 ಕೆಜಿ ತೂಕದ ಮಕ್ಕಳಿಗೆ 0.15. ಐದು ನಿಮಿಷ ಕಳೆದರೂ ಹಿಡಿತಕ್ಕೆ ಬರದಿದ್ದರೆ ಎರಡನೆಯದು. ಚುಚ್ಚಿದ ಮೇಲೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಹೆದರಬೇಡಿ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಅಸ್ತಮಾ ಇದ್ದವರಿಗೂ ಮೊದಲು ಇದು, ಇನ್ಹೇಲರ್ ಆಮೇಲೆ.

ಹೆಚ್ಚಿನವರಿಗೆ ಗೊತ್ತಿಲ್ಲದ್ದು ಮಲಗಿಸುವ ವಿಷಯ. ಅಂಗಾತ ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಾದರೆ ಕಾಲು ಚಾಚಿ ಕೂರಬಹುದು. ವಾಂತಿಯಾಗುತ್ತಿದ್ದರೆ, ಪ್ರಜ್ಞೆ ತಪ್ಪಿದರೆ ಮಗ್ಗುಲಿಗೆ ತಿರುಗಿಸಿ. ಎದ್ದು ನಡೆಯಲು ಮಾತ್ರ ಬಿಡಬೇಡಿ. ಒತ್ತಡ ಕುಸಿದಿರುವಾಗ ಥಟ್ಟನೆ ಎದ್ದರೆ ಹೃದಯಕ್ಕೆ ಮರಳುವ ರಕ್ತವೇ ಸಾಲದಾಗುತ್ತದೆ. ಹಾಗೆ ಎದ್ದ ಕೂಡಲೇ ಸತ್ತ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ವಾಂತಿ ಬಂತೆಂದು ಒಬ್ಬರೇ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾರಲ್ಲ, ನನಗೆ ಅದಕ್ಕಿಂತ ಭಯ ಹುಟ್ಟಿಸುವುದು ಇನ್ನೊಂದಿಲ್ಲ. ಬಕೆಟ್ಟನ್ನೇ ಹತ್ತಿರ ತಂದಿಡಿ.

ಗಂಟಲಿಗೆ ಬೆರಳು ಹಾಕಿ ಕಕ್ಕಿಸುವುದು, ಹಾಲು ಕುಡಿಸುವುದು ಬೇಡ.

ಚುಚ್ಚಿದ ಮೇಲೂ ಆಂಬುಲೆನ್ಸ್ ಕರೆಯಿರಿ. ಫೋನಿನಲ್ಲಿ "ಅಲರ್ಜಿ" ಅಂದರೆ ಸಾಲದು, "ಅನಾಫಿಲಾಕ್ಸಿಸ್" ಎಂದೇ ಹೇಳಿ. ಆ ಪದ ಕೇಳಿದರೆ ನಾವು ಓಡುವ ವೇಗವೇ ಬೇರೆ. ಏನು ತಿಂದದ್ದು, ಎಷ್ಟು ಹೊತ್ತಿಗೆ, ಚುಚ್ಚಿದ್ದು ಯಾವಾಗ ಎಂಬುದನ್ನು ಬರೆದಿಟ್ಟುಕೊಳ್ಳಿ. ಚೇತರಿಸಿಕೊಂಡ ತಕ್ಷಣ ಮನೆಗೆ ಹೊರಡುವ ಆತುರ ಬೇಡ. ಕೆಲವರಿಗೆ ಗಂಟೆಗಳ ನಂತರ ಮತ್ತೆ ಮರುಕಳಿಸುತ್ತದೆ, ಅದಕ್ಕೇ ನಾವು ಇರಿಸಿಕೊಳ್ಳುವುದು.

ಈ ವಾರವೇ ಅಲರ್ಜಿ ತಜ್ಞರನ್ನು ಕಾಣಿ. ಚರ್ಮದ ಪರೀಕ್ಷೆಗೆ ಮೊದಲು ಸಿಟ್ರಿಜಿನ್ ಕೆಲವು ದಿನ ನಿಲ್ಲಿಸಬೇಕಾಗುತ್ತದೆ, ಎಷ್ಟು ದಿನವೆಂದು ಮುಂಚೆಯೇ ಕೇಳಿಕೊಳ್ಳಿ. ಅಲ್ಲಿಯವರೆಗೆ ಗೋಡಂಬಿಯ ಜೊತೆ ಪಿಸ್ತಾ ಕೂಡ ಬಂದ್. ಒಂದಕ್ಕೆ ಅಲರ್ಜಿ ಇರುವ ಹಲವರಿಗೆ ಇನ್ನೊಂದಕ್ಕೂ ಅಲರ್ಜಿ ಇರುತ್ತದೆ. ಆಟೋ ಇಂಜೆಕ್ಟರ್ ಎಲ್ಲ ದೇಶಗಳಲ್ಲೂ ಸುಲಭವಾಗಿ ಸಿಗುವುದಿಲ್ಲ. ವೈದ್ಯರು ಆಂಪೂಲ್ (ಔಷಧದ ಪುಟ್ಟ ಗಾಜಿನ ಶೀಶೆ) ಮತ್ತು ಸಿರಿಂಜ್ ಕೊಟ್ಟರೆ ಎಷ್ಟು ಎಳೆಯಬೇಕೆಂದು ಬರೆಸಿಕೊಂಡು, ಅವರೆದುರೇ ಕೈಯಾರೆ ಅಭ್ಯಾಸ ಮಾಡಿ ಬನ್ನಿ. ಅದನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಾಗಲಿ ಫ್ರೀಜರಿನಲ್ಲಾಗಲಿ ಇಡಬೇಡಿ, ಅವಧಿ ಮುಗಿಯುವ ತಾರೀಖು ನೋಡುತ್ತಿರಿ. ತಮ್ಮ ಹೊರಗೆ ಹೋದರೆ ಅದೂ ಅವನ ಚೀಲದಲ್ಲೇ ಹೋಗಬೇಕು.